ಜೀನ್ ಅದೇ, ಪ್ರಮಾಣ ಜಾಸ್ತಿ: ಸ್ತನದ ಕೋಶದೊಳಗೆ ಹರ್2 ಏನೇನು ಬದಲಿಸುತ್ತದೆ?

ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟ್ ಸಾಮಾನ್ಯವಾಗಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಹಾಳೆಯಲ್ಲಿ ಗಡ್ಡೆ ಯಾವ ಜಾತಿಯದ್ದು ಎಂದು ಇರುತ್ತದೆ. ಕೆಲವು ದಿನ ಬಿಟ್ಟು ಬರುವ ಎರಡನೇ ಹಾಳೆಯಲ್ಲಿ ಮೂರು ಹೆಸರು: ಇಆರ್, ಪಿಆರ್ (ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕ ಪ್ರೋಟೀನ್‌ಗಳು), ಹರ್2. ಮಂಗಳೂರಿನ ಕಂಕನಾಡಿ, ಅತ್ತಾವರ, ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ, ಮಣಿಪಾಲದ ಒಪಿಡಿಯಲ್ಲಿ ಸರದಿ ಕಾಯುವವರು ಆ ಮೂರನೇ ಹೆಸರಿನ ಮೇಲೆ ಬೆರಳಿಟ್ಟು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು. “ಇದು ಪಾಸಿಟಿವ್ ಅಂತ ಉಂಟಲ್ಲ, ಅಂದ್ರೆ ಎಂತ? ಮಗಳಿಗೂ ಬರ್ತದಾ?”

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮನೆಯವರಿಗೆ ನಿದ್ದೆ ಕೆಡಿಸುವುದು ಅದೇ. ಹರ್2 ಪಾಸಿಟಿವ್ ಅನ್ನುವುದು ತಾಯಿಯಿಂದ ಮಗಳಿಗೆ ಇಳಿದು ಬರುವಂಥದ್ದಲ್ಲ. ಬದುಕಿನ ನಡುವೆ, ಆ ಹೆಂಗಸಿನ ಸ್ತನದ ಯಾವುದೋ ಒಂದು ಕೋಶದಲ್ಲಿ ಆದ ಬದಲಾವಣೆ ಅದು. ಆ ಕೋಶದಿಂದ ಹುಟ್ಟಿದ ಗಡ್ಡೆಯಲ್ಲಿ ಮಾತ್ರ ಅದು ಇರುತ್ತದೆ. ಮಕ್ಕಳಿಗೆ ದಾಟುವ ಅಂಡಾಣುವಿನಲ್ಲಿ ಇರುವುದಿಲ್ಲ. ಮನೆತನದಲ್ಲಿ ಹರಿದು ಬರುವುದು ಬಿಆರ್‌ಸಿಎ1, ಬಿಆರ್‌ಸಿಎ2 ಮುಂತಾದ ಬೇರೆ ಜೀನ್‌ಗಳ ದೋಷ. ಅದಕ್ಕೆ ಪರೀಕ್ಷೆಯೇ ಬೇರೆ. ಮನೆಯಲ್ಲಿ ಅಮ್ಮ, ಚಿಕ್ಕಮ್ಮ, ಅಜ್ಜಿ ಅಂತ ಹಲವರಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ, ಇಲ್ಲವೇ ತೀರಾ ಚಿಕ್ಕ ವಯಸ್ಸಿಗೆ ಬಂದಿದ್ದರೆ, ಆ ವಿಷಯವನ್ನು ಡಾಕ್ಟರ ಹತ್ತಿರ ಪ್ರತ್ಯೇಕವಾಗಿಯೇ ಮಾತಾಡಬೇಕು. ಎರಡನ್ನೂ ಬೆರೆಸಿಕೊಂಡು ಹೆದರುವುದು ಬೇಡ.

ಇನ್ನು ಮೊದಲ ಪ್ರಶ್ನೆ.

ಹರ್2 ಜೀನ್ ನಮ್ಮೆಲ್ಲರಲ್ಲೂ ಇದೆ, ಗಂಡಸರಲ್ಲೂ ಇದೆ. 17ನೇ ಕ್ರೋಮೋಸೋಮಿನಲ್ಲಿ ಅದರ ಜಾಗ. ಒಂದು ಕೋಶಕ್ಕೆ ಎರಡು ಪ್ರತಿ: ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಈ ಜೀನನ್ನು ಓದಿ ಕೋಶವು ಒಂದು ಪ್ರೋಟೀನ್ ಮಾಡಿ ತನ್ನ ಹೊರಪೊರೆಯಲ್ಲಿ ಕೂರಿಸುತ್ತದೆ. ಬೆಳೆಯಬೇಕು, ಎರಡಾಗಬೇಕು ಎಂಬ ಸೂಚನೆಯನ್ನು ಒಳಕ್ಕೆ ದಾಟಿಸುವುದು ಅದರ ಕೆಲಸ. ಮಾಮೂಲಿ ಸ್ತನ ಕೋಶದ ಮೇಲೆ ಈ ಪ್ರೋಟೀನ್ ಕೆಲವು ಹತ್ತು ಸಾವಿರದಷ್ಟು ಇರುತ್ತದೆ. ಹರ್2 ಪಾಸಿಟಿವ್ ಗಡ್ಡೆಯಲ್ಲಿ ಜೀನಿನ ಪ್ರತಿಗಳು ಎರಡರ ಬದಲು 25 ಆಗಿರಬಹುದು, 50 ಆಗಿರಬಹುದು. ಆಗ ಹೊರಪೊರೆಯ ಪ್ರೋಟೀನ್ 20 ಲಕ್ಷದವರೆಗೂ ಹೋಗುತ್ತದೆ.

ಹೆಚ್ಚಿನ ರೋಗಿಗಳಲ್ಲಿ ಆ ಜೀನಿನ ಬರಹದಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಪ್ರೋಟೀನೂ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಪ್ರಮಾಣ ಮಾತ್ರ. ಈ ರೋಗವನ್ನು ಅರ್ಥ ಮಾಡಿಕೊಳ್ಳಲು ನನಗೆ ಅತಿ ಮುಖ್ಯ ಅನಿಸುವ ಮಾತು ಇದು. ಪ್ರಮಾಣ ಒಂದು ಮಿತಿ ದಾಟಿದಾಗ ಆ ಕೋಶದ ನೂರಾರು ಬೇರೆ ಜೀನ್‌ಗಳ ನಡವಳಿಕೆ ಬದಲಾಗುತ್ತದೆ. ಚಿಕಿತ್ಸೆ ನಿಂತಿರುವುದೂ ಆ ಪ್ರಮಾಣವನ್ನು ಸರಿಯಾಗಿ ಅಳೆಯುವುದರ ಮೇಲೆ. ನಮ್ಮ ಕರಾವಳಿಯಲ್ಲಿ, ಬಹುಶಃ ಇಡೀ ದೇಶದಲ್ಲಿ, ಎಡವುವ ಸಂಭವ ಹೆಚ್ಚಿರುವುದು ಆ ಅಳತೆಯಲ್ಲೇ. ಅದಕ್ಕೆ ಮುಂದೆ ಬರುತ್ತೇನೆ.

ಈ ಜೀನಿನ ಪತ್ತೆಯ ಹಿಂದೆ ಒಬ್ಬ ಭಾರತೀಯನ ಕೆಲಸ ಇದೆ. ಅದು ಇಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಲಕ್ಷ್ಮೀ ಚರಣ್ ಪಾಢಿ ಎಂಬ ವಿಜ್ಞಾನಿ ಇಲಿಗಳ ನರಕೋಶದ ಗಡ್ಡೆಯ ಮೇಲೆ ಕೆಲಸ ಮಾಡುತ್ತಿದ್ದರು. ಆ ಗಡ್ಡೆಯ ಡಿಎನ್‌ಎಯನ್ನು ಬೇರೆ ಕೋಶಗಳಿಗೆ ಸೇರಿಸಿದರೆ ಅವೂ ಕ್ಯಾನ್ಸರ್ ಕೋಶಗಳಂತೆ ಆಗುತ್ತಿದ್ದವು. ಜೊತೆಗೆ ಒಂದು ಹೊಸ ಪ್ರೋಟೀನ್ ಕಾಣಿಸುತ್ತಿತ್ತು. 1982ರಲ್ಲಿ ಇದು ಪ್ರಕಟವಾಯಿತು. ಆ ಜೀನಿಗೆ ‘ನ್ಯೂ’ ಎಂದು ಹೆಸರಾಯಿತು. ಪಾಢಿ ಆಮೇಲೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1985ರಲ್ಲಿ ಜೆನೆಂಟೆಕ್ ಕಂಪನಿಯಲ್ಲಿ ಆಕ್ಸೆಲ್ ಉಲ್‌ರಿಚ್ ಅವರ ತಂಡ ಮನುಷ್ಯರ ಹರ್2 ಜೀನನ್ನು ಬೇರ್ಪಡಿಸಿತು. ಎರಡೂ ಒಂದೇ ಜೀನ್ ಎಂದು ಗೊತ್ತಾಯಿತು. ವ್ಯತ್ಯಾಸ ಏನೆಂದರೆ, ಇಲಿಯ ಗಡ್ಡೆಯಲ್ಲಿ ಕಾಯಿಲೆ ಮಾಡಿದ್ದು ಜೀನಿನ ಒಂದು ಅಕ್ಷರದ ಬದಲಾವಣೆ. ಮನುಷ್ಯರ ಸ್ತನದಲ್ಲಿ ಅದೇ ಕೆಲಸವನ್ನು ಸುಮ್ನೆ ಪ್ರತಿಗಳ ಸಂಖ್ಯೆ ಮಾಡಿತು.

1987ರಲ್ಲಿ ಲಾಸ್ ಏಂಜಲೀಸ್‌ನ ಡೆನ್ನಿಸ್ ಸ್ಲೇಮನ್ 189 ಸ್ತನದ ಗಡ್ಡೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 30ರಷ್ಟರಲ್ಲಿ ಈ ಜೀನಿನ ಪ್ರತಿಗಳು ಜಾಸ್ತಿ ಇವೆ ಎಂದು ತೋರಿಸಿದರು. ಪ್ರತಿ ಜಾಸ್ತಿ ಇದ್ದವರಲ್ಲಿ ರೋಗ ಬೇಗ ಮರಳುತ್ತಿತ್ತು. ಈಗಿನ ಲೆಕ್ಕದಲ್ಲಿ ಶೇಕಡಾ 15ರಿಂದ 20 ಗಡ್ಡೆಗಳು ಮಾತ್ರ ಈ ಗುಂಪಿಗೆ ಸೇರುತ್ತವೆ. 2022ರಲ್ಲಿ ಭಾರತದಲ್ಲಿ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಆಗಿದೆ ಎಂದು ಜಾಗತಿಕ ಅಂದಾಜು ಹೇಳುತ್ತದೆ. ಅದೇ ಪ್ರಮಾಣ ಹಿಡಿದರೂ ವರ್ಷಕ್ಕೆ ಕಡಿಮೆಯೆಂದರೆ 28,000 ಮನೆಗಳಿಗೆ ಈ ವಿಷಯ ಬೇಕಾಗುತ್ತದೆ.

ಈಗ ಕೋಶದ ಒಳಗೆ ಹೋಗೋಣ. ಸ್ವಲ್ಪ ಹೆಸರುಗಳು ಬರುತ್ತವೆ. ನೆನಪಿಟ್ಟುಕೊಳ್ಳಬೇಕೆಂದಿಲ್ಲ, ದಾರಿ ಗೊತ್ತಾದರೆ ಸಾಕು.

ನಮ್ಮ ಪ್ರತಿ ಕೋಶದಲ್ಲೂ ಸುಮಾರು 20,000 ಪ್ರೋಟೀನ್ ಮಾಡುವ ಜೀನ್‌ಗಳಿವೆ. ಕಣ್ಣಿನ ಕೋಶದಲ್ಲೂ ಅವೇ, ಸ್ತನದ ಕೋಶದಲ್ಲೂ ಅವೇ. ಯಾವ ಜೀನ್ ಎಷ್ಟು ಓದಲ್ಪಡುತ್ತದೆ ಅನ್ನುವುದರ ಮೇಲೆ ಆ ಕೋಶ ಏನಾಗುತ್ತದೆ ಎಂಬುದು ನಿಂತಿದೆ. ಓದಿದ ಪ್ರತಿ ಜೀನಿನಿಂದ ಆರ್‌ಎನ್‌ಎ ತಯಾರಾಗುತ್ತದೆ. ಆರ್‌ಎನ್‌ಎ ಎಷ್ಟಿದೆ ಎಂದು ಅಳೆದರೆ ಯಾವ ಜೀನ್ ಜೋರಾಗಿದೆ, ಯಾವುದು ಸುಮ್ಮನಿದೆ ಎಂದು ತಿಳಿಯುತ್ತದೆ. ಇದನ್ನೇ ವಿಜ್ಞಾನಿಗಳು ಜೀನ್ ಎಕ್ಸ್‌ಪ್ರೆಷನ್ ಅನ್ನುವುದು. ನಮ್ಮ ಯಕ್ಷಗಾನದ ಹಿಮ್ಮೇಳ ನೆನೆಸಿಕೊಳ್ಳಿ. ಒಂದು ಚೆಂಡೆಯ ಜಾಗದಲ್ಲಿ ಇಪ್ಪತ್ತು ಚೆಂಡೆ ಕೂರಿಸಿದರೆ ಮದ್ದಳೆ ಬಾರಿಸುವವರು ಬದಲಾಗಿಲ್ಲ, ವೇಷಧಾರಿಗಳು ಬದಲಾಗಿಲ್ಲ, ಪದ್ಯವೂ ಅದೇ. ಆದರೆ ಭಾಗವತರ ಸ್ವರ ಕೇಳಿಸದೆ ಎಲ್ಲರ ಹೆಜ್ಜೆಯೂ ಚೆಂಡೆಯ ಹಿಂದೆ ಹೋಗುತ್ತದೆ. ಹರ್2 ಜಾಸ್ತಿಯಾದ ಕೋಶದಲ್ಲಿ ಆಗುವುದು ಇದೇ.

ಹೇಗೆ ಅಂತೀರಾ? ಹರ್2 ನಾಲ್ಕು ಪ್ರೋಟೀನ್‌ಗಳ ಒಂದು ಕುಟುಂಬಕ್ಕೆ ಸೇರಿದ್ದು. ಉಳಿದ ಮೂರು ಹೊರಗಿನಿಂದ ಬೆಳವಣಿಗೆಯ ರಾಸಾಯನಿಕ ಬಂದು ಅಂಟಿಕೊಂಡರೆ ಮಾತ್ರ ಎಚ್ಚರವಾಗುತ್ತವೆ. ಹರ್2ಗೆ ಅಂಥ ರಾಸಾಯನಿಕ ಯಾವುದೂ ಇಲ್ಲ. ಅದರ ಆಕಾರವೇ ಸದಾ ಜೋಡಿಯಾಗಲು ತಯಾರಾಗಿ ನಿಂತಂತೆ ಇದೆ. ಕಡಿಮೆ ಸಂಖ್ಯೆಯಲ್ಲಿದ್ದಾಗ ಇದರಿಂದ ತೊಂದರೆ ಇಲ್ಲ, ಯಾಕಂದ್ರೆ ಜೊತೆಗಾರ ಎಚ್ಚರವಾಗುವವರೆಗೆ ಅದು ಕಾಯಬೇಕು. 20 ಲಕ್ಷ ಆದಾಗ ಒಂದಕ್ಕೊಂದು ತಾಗುತ್ತಲೇ ಇರುತ್ತವೆ. ಹೊರಗಿನ ಸೂಚನೆ ಇಲ್ಲದೆಯೇ ಜೋಡಿ ಕಟ್ಟುತ್ತವೆ. ಹರ್3 ಜೊತೆಗಿನ ಜೋಡಿಯಂತೂ ಎಲ್ಲಕ್ಕಿಂತ ಬಲವಾದದ್ದು.

ಜೋಡಿಯಾದ ಕೂಡಲೇ ಪೊರೆಯ ಒಳಬದಿಯಲ್ಲಿ ಎರಡು ದಾರಿ ತೆರೆಯುತ್ತವೆ. ಒಂದು ರಾಸ್ ಎಂಬ ಪ್ರೋಟೀನಿನಿಂದ ಶುರುವಾಗಿ ಕೋಶದ ಕೇಂದ್ರಕ್ಕೆ ಹೋಗುವ ದಾರಿ. ಅಲ್ಲಿ ಅದು ಮಿಕ್, ಸೈಕ್ಲಿನ್ ಡಿ1 ಮುಂತಾದ ಜೀನ್‌ಗಳನ್ನು ಏರಿಸುತ್ತದೆ. ಇವು ಕೋಶವನ್ನು ಎರಡಾಗಿಸುವ ಜೀನ್‌ಗಳು. ಇನ್ನೊಂದು ಪಿಐ3ಕೆ, ಎಕೆಟಿ ಎಂಬ ದಾರಿ. ನನಗೆ ಹೆಚ್ಚು ಕುತೂಹಲದ್ದು ಇದು, ಯಾಕಂದ್ರೆ ಇದು ಕೆಲವು ಜೀನ್‌ಗಳನ್ನು ಸುಮ್ಮನಾಗಿಸುತ್ತದೆ. ಕೋಶದ ಕೇಂದ್ರದಲ್ಲಿ ಫಾಕ್ಸ್‌ಒ ಎಂಬ ಪ್ರೋಟೀನ್ ಕೂತು ಪಿ27 ಮತ್ತು ಬಿಮ್ ಎಂಬ ಜೀನ್‌ಗಳನ್ನು ಓದಿಸುತ್ತಿರುತ್ತದೆ. ಪಿ27 ಕೋಶ ಎರಡಾಗುವುದನ್ನು ತಡೆಯುತ್ತದೆ. ಬಿಮ್, ಕೆಟ್ಟ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಎಕೆಟಿ ಬಂದು ಫಾಕ್ಸ್‌ಒವನ್ನು ಕೇಂದ್ರದಿಂದ ಹೊರಗೆ ಕಳಿಸಿಬಿಡುತ್ತದೆ. ತಡೆಯೂ ಹೋಯಿತು, ಸಾವೂ ಹೋಯಿತು. ಗಡ್ಡೆ ಬೆಳೆಯುವುದು ಕೋಶಗಳು ಬೇಗ ಹುಟ್ಟುವುದರಿಂದ ಮಾತ್ರ ಅಲ್ಲ, ಸಾಯಬೇಕಾದವು ಸಾಯದೆ ಉಳಿಯುವುದರಿಂದಲೂ ಹೌದು.

ಇಷ್ಟಕ್ಕೇ ನಿಲ್ಲುವುದಿಲ್ಲ. ಕೊಬ್ಬು ತಯಾರಿಸುವ ಜೀನ್‌ಗಳು ಏರುತ್ತವೆ, ಹೊಸ ಕೋಶಗಳಿಗೆ ಪೊರೆ ಬೇಕಲ್ಲ. ಕೋಶವನ್ನು ದೂರದ ಅಂಗಗಳ ಕಡೆಗೆ ಸೆಳೆಯುವ ಸಿಎಕ್ಸ್‌ಸಿಆರ್4 ಎಂಬ ಪ್ರೋಟೀನ್ ಹೆಚ್ಚುತ್ತದೆ. ಈಸ್ಟ್ರೋಜನ್ ಗ್ರಾಹಕದ ಜೀನ್ ಇಳಿಯಬಹುದು. ಹರ್2 ಪಾಸಿಟಿವ್ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಆರ್ ನೆಗೆಟಿವ್ ಆಗಿರುವುದಕ್ಕೆ, ಪಾಸಿಟಿವ್ ಇದ್ದವರಲ್ಲೂ ಹಾರ್ಮೋನ್ ಮಾತ್ರೆಯ ಪರಿಣಾಮ ಕೆಲವೊಮ್ಮೆ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ. ರಿಪೋರ್ಟಿನ ಆ ಮೂರು ಸಾಲುಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆ ಎಂದಾಯಿತು.

ಇದನ್ನೆಲ್ಲ ಕಣ್ಣಿಂದ ನೋಡಲು ಸಾಧ್ಯವಾ? 2001ರಲ್ಲಿ ಸೆಂದಿಲ್ ಮುತ್ತುಸ್ವಾಮಿ, ಜೋನ್ ಬ್ರೂಗ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗ ಅದನ್ನು ಬಹಳ ಚೆನ್ನಾಗಿ ತೋರಿಸಿತು. ಅವರು ಬಳಸಿದ್ದು ಕ್ಯಾನ್ಸರ್ ಅಲ್ಲದ ಒಂದು ಸ್ತನ ಕೋಶ ಸಂತತಿ. ಹೆಸರು ಎಂಸಿಎಫ್10ಎ. ಮಿಷಿಗನ್ ಕ್ಯಾನ್ಸರ್ ಫೌಂಡೇಶನ್‌ನಲ್ಲಿ ಬೆಳೆಸಿದ್ದು, ಇವತ್ತು ಜಗತ್ತಿನ ಲ್ಯಾಬುಗಳಲ್ಲೆಲ್ಲ ಇದೆ. ಈ ಕೋಶಗಳನ್ನು ಚಪ್ಪಟೆ ತಟ್ಟೆಯ ಬದಲು ಮೆತ್ತನೆಯ ಜೆಲ್‌ನೊಳಗೆ ಬೆಳೆಸಿದರೆ ಅವು ತಾವಾಗಿ ಸಣ್ಣ ಸಣ್ಣ ಟೊಳ್ಳು ಉಂಡೆಗಳಾಗುತ್ತವೆ. ಹೊರಗೆ ಒಂದು ಸಾಲು ಕೋಶ, ನಡುವೆ ಖಾಲಿ ಜಾಗ. ಹಾಲು ತಯಾರಾಗುವ ಗ್ರಂಥಿಯ ರಚನೆ ನಮ್ಮ ದೇಹದಲ್ಲೂ ಹೀಗೆಯೇ ಇರುತ್ತದೆ. ನಡುವಿನ ಖಾಲಿ ಜಾಗ ಉಂಟಾಗುವುದು ಅಲ್ಲಿದ್ದ ಕೋಶಗಳು ಸಾಯುವುದರಿಂದ. ಉಂಡೆ ಪೂರ್ತಿಯಾದ ಮೇಲೆ ಹೊರಸಾಲಿನ ಕೋಶಗಳು ಎರಡಾಗುವುದನ್ನು ನಿಲ್ಲಿಸುತ್ತವೆ. ಅಷ್ಟು ಶಿಸ್ತು.

ಹೀಗೆ ಪೂರ್ತಿ ಬೆಳೆದು ಶಾಂತವಾದ ಉಂಡೆಯಲ್ಲಿ ಹರ್2ವನ್ನು ಚಾಲೂ ಮಾಡಿದರು. ನಿಂತಿದ್ದ ಕೋಶಗಳು ಮತ್ತೆ ಎರಡಾಗತೊಡಗಿದವು. ನಡುವಿನ ಖಾಲಿ ಜಾಗ ತುಂಬಿಕೊಂಡಿತು. ಒಂದೇ ಉಂಡೆ ಹಲವು ಉಂಡೆಗಳ ಗೊಂಚಲಾಯಿತು. ಆದರೆ ಕೋಶಗಳು ಹೊರಗಿನ ಜೆಲ್ಲಿಗೆ ನುಗ್ಗಲಿಲ್ಲ. ಅದೇ ಕುಟುಂಬದ ಹರ್1 ಪ್ರೋಟೀನನ್ನು ಚಾಲೂ ಮಾಡಿದಾಗ ಇದ್ಯಾವುದೂ ಆಗಲಿಲ್ಲ. ಈ ಚಿತ್ರವನ್ನು ಪ್ಯಾಥಾಲಜಿ ವಿಭಾಗದಲ್ಲಿ ಕೆಲಸ ಮಾಡುವ ಯಾರಿಗೆ ತೋರಿಸಿದರೂ ಗುರುತು ಹಿಡಿಯುತ್ತಾರೆ. ಹಾಲಿನ ನಾಳದೊಳಗೇ ಉಳಿದಿರುವ, ಇನ್ನೂ ಹೊರಗೆ ಹಬ್ಬದ ಕ್ಯಾನ್ಸರಿನ ಆರಂಭದ ಹಂತ ಹೀಗೆಯೇ ಕಾಣುತ್ತದೆ. ಮ್ಯಾಮೋಗ್ರಾಮಿನಲ್ಲಿ ಸಣ್ಣ ಬಿಳಿ ಚುಕ್ಕೆಗಳಾಗಿ ಸಿಗುವುದು ಹೆಚ್ಚಾಗಿ ಈ ಹಂತ. ಅಲ್ಲೂ ಹಲವರಲ್ಲಿ ಹರ್2 ಜಾಸ್ತಿಯಾಗಿರುತ್ತದೆ. ಅಂದರೆ ಈ ಬದಲಾವಣೆ ರೋಗದ ಕೊನೆಯಲ್ಲಿ ಬಂದು ಸೇರುವುದಲ್ಲ, ಬಹಳ ಮೊದಲೇ ಬರುತ್ತದೆ. ಹೊರಗೆ ನುಗ್ಗಲು ಇನ್ನೂ ಬೇರೆ ಏನೋ ಬೇಕು ಎಂಬುದನ್ನೂ ಅದೇ ಪ್ರಯೋಗ ಹೇಳಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಗಡ್ಡೆಯೊಂದನ್ನು ತೆಗೆದುಕೊಂಡು ಅದರಲ್ಲಿ ಏರಿದ ಜೀನ್‌ಗಳ ಪಟ್ಟಿ ಮಾಡಿದರೆ ಎಲ್ಲವೂ ಹರ್2 ಮಾಡಿದ್ದು ಎಂದು ಹೇಳುವ ಹಾಗಿಲ್ಲ. 2000ದಲ್ಲಿ ಚಾರ್ಲ್ಸ್ ಪೆರೂ ಮತ್ತು ಸಂಗಡಿಗರು ಸ್ತನದ ಗಡ್ಡೆಗಳನ್ನು ಜೀನ್‌ಗಳ ಏರಿಳಿತದ ಮೇಲೆ ಗುಂಪು ಮಾಡಿದಾಗ ಹರ್2 ಗುಂಪು ಬೇರೆಯಾಗಿ ನಿಂತಿತು. ಅದರ ಜೊತೆಗೆ ಸದಾ ಏರಿರುವ ಇನ್ನೊಂದು ಜೀನ್ ಜಿಆರ್‌ಬಿ7. ಅದನ್ನು ಹರ್2 ಏರಿಸಿದ್ದೇನೂ ಅಲ್ಲ. 17ನೇ ಕ್ರೋಮೋಸೋಮಿನಲ್ಲಿ ಅದು ಹರ್2ರ ಪಕ್ಕದ ಜೀನ್. ಆ ತುಂಡು ಮತ್ತೆ ಮತ್ತೆ ನಕಲಾದಾಗ ಅದೂ ಜೊತೆಯಲ್ಲಿ ನಕಲಾಗಿದೆ. ಹಾಗಾದರೆ ನಿಜವಾಗಿ ಹರ್2ರ ಕೈವಾಡ ಯಾವುದು ಎಂದು ಬೇರ್ಪಡಿಸುವುದು ಹೇಗೆ? ಎರಡು ದಾರಿ ಇವೆ. ಮಾಮೂಲಿ ಕೋಶಕ್ಕೆ ಹರ್2 ಒಂದನ್ನೇ ಸೇರಿಸಿ ಏನೇನು ಬದಲಾಯಿತು ನೋಡುವುದು. ಅಥವಾ ಹರ್2 ಜಾಸ್ತಿ ಇರುವ ಕ್ಯಾನ್ಸರ್ ಕೋಶಕ್ಕೆ ಅದನ್ನು ತಡೆಯುವ ಔಷಧ ಕೊಟ್ಟು ಯಾವ ಜೀನ್‌ಗಳು ಹಿಂದಕ್ಕೆ ಬಂದವು ನೋಡುವುದು. ಎರಡೂ ಪಟ್ಟಿಯಲ್ಲಿ ಸಿಗುವ ಜೀನ್‌ಗಳ ಮೇಲೆ ನಂಬಿಕೆ ಇಡಬಹುದು. ‘ಕ್ಯಾನ್ಸರಿಗೆ ಕಾರಣವಾದ 200 ಜೀನ್ ಪತ್ತೆ’ ಎಂಬಂಥ ಸುದ್ದಿ ಓದುವಾಗ ಸಂಶೋಧಕರು ಹೀಗೆ ಬೇರ್ಪಡಿಸುವ ಹೆಜ್ಜೆ ಇಟ್ಟಿದ್ದಾರಾ ಎಂದು ನೋಡಬೇಕು. ಪಟ್ಟಿ ಮಾಡುವುದು ಸುಲಭ. ಕಾರಣ ತೋರಿಸುವುದು ಕಷ್ಟ.

ಕಾರಣ ತೋರಿಸಿದ್ದರಿಂದಲೇ ಔಷಧ ಬಂತು. ಹರ್2 ಜಾಸ್ತಿಯಾದ ಕೋಶವು ಅದರ ಸೂಚನೆಗೆ ಎಷ್ಟು ಒಗ್ಗಿಹೋಗಿರುತ್ತದೆ ಎಂದರೆ, ಅದನ್ನು ನಿಲ್ಲಿಸಿದರೆ ಆ ಕೋಶಕ್ಕೆ ಬದುಕುವುದೇ ಕಷ್ಟ. ಟ್ರಾಸ್ಟುಝುಮ್ಯಾಬ್ ಎಂಬ ಪ್ರತಿಕಾಯ ಔಷಧ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದು ಹೊರಪೊರೆಯ ಹರ್2ಗೆ ಹೋಗಿ ಅಂಟಿಕೊಳ್ಳುತ್ತದೆ. 2005ರಲ್ಲಿ ಬಂದ ದೊಡ್ಡ ಅಧ್ಯಯನಗಳಲ್ಲಿ, ಆಪರೇಷನ್ ಆದ ಮೇಲೆ ಕೀಮೋ ಜೊತೆಗೆ ಇದನ್ನೂ ಕೊಟ್ಟಾಗ ರೋಗ ಮರಳುವುದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಒಂದು ಕಾಲಕ್ಕೆ ಕೆಟ್ಟ ಸುದ್ದಿಯಾಗಿದ್ದ ‘ಪಾಸಿಟಿವ್’ ಈಗ ಒಳ್ಳೆಯ ಔಷಧ ಇರುವ ಗುಂಪಿನ ಹೆಸರು. ರಿಪೋರ್ಟ್ ನೋಡಿ ಕುಸಿಯುವವರಿಗೆ ಇದನ್ನು ಯಾರಾದರೂ ಮೊದಲ ದಿನವೇ ಹೇಳಬೇಕು ಎಂದು ನನ್ನ ಆಸೆ.

ಹಾಗಂತ ಎಲ್ಲರಲ್ಲೂ ಇದು ಕೊನೆಯವರೆಗೂ ಕೆಲಸ ಮಾಡುವುದಿಲ್ಲ. ಅದಕ್ಕೂ ಉತ್ತರ ಜೀನ್‌ಗಳ ಏರಿಳಿತದಲ್ಲೇ ಇದೆ. ಮೇಲೆ ಹೇಳಿದ ಫಾಕ್ಸ್‌ಒ ನೆನಪಿದೆಯಲ್ಲ? ಹರ್2ರ ದಾರಿಯನ್ನು ಔಷಧದಿಂದ ಮುಚ್ಚಿದರೆ ಫಾಕ್ಸ್‌ಒ ಮತ್ತೆ ಕೇಂದ್ರಕ್ಕೆ ಬರುತ್ತದೆ. ಬಂದು ತಡೆಯುವ ಜೀನ್‌ಗಳನ್ನು ಏರಿಸುತ್ತದೆ. ಜೊತೆಗೆ ಹರ್3 ಜೀನನ್ನೂ ಏರಿಸುತ್ತದೆ. ಹರ್3 ಹೆಚ್ಚಾದರೆ ಅಳಿದುಳಿದ ಹರ್2 ಜೊತೆ ಜೋಡಿ ಕಟ್ಟಿ ಸೂಚನೆ ಮತ್ತೆ ಶುರುವಾಗುತ್ತದೆ. ಆ ಜೋಡಿ ಕಟ್ಟುವುದನ್ನೇ ತಡೆಯುವ ಪರ್ಟುಝುಮ್ಯಾಬ್ ಎಂಬ ಎರಡನೇ ಪ್ರತಿಕಾಯವನ್ನೂ ಸೇರಿಸಿದಾಗ, ಬೇರೆ ಅಂಗಗಳಿಗೆ ಹರಡಿದ್ದ ರೋಗಿಗಳಲ್ಲಿ ಬದುಕಿದ ಅವಧಿಯ ಮಧ್ಯಮಾಂಕ (ಅರ್ಧದಷ್ಟು ರೋಗಿಗಳು ಇದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದು ಅರ್ಥ) 40.8 ತಿಂಗಳಿಂದ 56.5 ತಿಂಗಳಿಗೆ ಏರಿತು. 2015ರಲ್ಲಿ ಪ್ರಕಟವಾದ ಲೆಕ್ಕ ಇದು.

ಹೃದಯದ ವಿಷಯವೂ ಇಲ್ಲೇ ಹೇಳಬೇಕು. ಹೃದಯದ ಸ್ನಾಯು ಒತ್ತಡ ತಾಳಲು ಹರ್2 ಬೇಕು. ಹೃದಯದ ಕೋಶದಲ್ಲಿ ಈ ಜೀನ್ ಇಲ್ಲದಂತೆ ಮಾಡಿದ ಇಲಿಗಳ ಹೃದಯ ಹಿಗ್ಗಿ ದುರ್ಬಲವಾಯಿತು. ಟ್ರಾಸ್ಟುಝುಮ್ಯಾಬ್ ಪಡೆಯುವವರಿಗೆ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಹೇಳುವುದು ಇದಕ್ಕೇ. “ಎದೆ ನೋವೇ ಇಲ್ಲ, ಮತ್ತೆ ಎಕೋ ಯಾಕೆ?” ಎಂದು ಅದನ್ನು ಬಿಡಬೇಡಿ. ಹೃದಯದ ಶಕ್ತಿ ಇಳಿದದ್ದು ಬೇಗ ಗೊತ್ತಾದರೆ ಔಷಧ ನಿಲ್ಲಿಸಿದಾಗ ಹೆಚ್ಚಿನವರಲ್ಲಿ ಅದು ಸುಧಾರಿಸುತ್ತದೆ.

ಈಗ ಅಳತೆಗೆ ಬರುತ್ತೇನೆ. ಗಡ್ಡೆಯ ತೆಳು ಪದರವನ್ನು ಗಾಜಿನ ಮೇಲೆ ಕೂರಿಸಿ, ಹರ್2ಗೆ ಅಂಟುವ ಪ್ರತಿಕಾಯ ಹಾಕಿ, ಬಣ್ಣ ಬರಿಸುತ್ತಾರೆ. ಇದು ಐಎಚ್‌ಸಿ ಪರೀಕ್ಷೆ. ಹರ್2 ಜಾಸ್ತಿ ಇದ್ದರೆ ಪ್ರತಿ ಕೋಶದ ಸುತ್ತ ಕಂದು ಗೆರೆ ಎಳೆದಂತೆ ಕಾಣುತ್ತದೆ, ಕೋಳಿಗೂಡಿನ ಬಲೆಯ ಹಾಗೆ ಎಂದು ಲ್ಯಾಬಿನವರು ಹೇಳುವುದುಂಟು. ಗೆರೆ ದಟ್ಟವಾಗಿ, ಪೂರ್ತಿ ಸುತ್ತುವರಿದು, ಶೇಕಡಾ 10ಕ್ಕಿಂತ ಹೆಚ್ಚು ಗಡ್ಡೆ ಕೋಶಗಳಲ್ಲಿ ಇದ್ದರೆ 3+, ಅಂದರೆ ಪಾಸಿಟಿವ್. 0 ಅಥವಾ 1+ ಅಂದರೆ ನೆಗೆಟಿವ್. ನಡುವಿನದು 2+. ಅದು ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. ಗೊತ್ತಾಗಲಿಲ್ಲ ಎಂದು ಅರ್ಥ. ಆಗ ಫಿಶ್ ಎಂಬ ಎರಡನೇ ಪರೀಕ್ಷೆ ಬೇಕು. ಅದರಲ್ಲಿ ಜೀನ್‌ಗಳನ್ನೇ ಎಣಿಸುತ್ತಾರೆ. ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಸಾಮಾನ್ಯವಾಗಿ ಹರ್2 ಕೆಂಪು ಚುಕ್ಕೆಗಳಾಗಿ, 17ನೇ ಕ್ರೋಮೋಸೋಮ್ ಹಸಿರು ಚುಕ್ಕೆಗಳಾಗಿ ಹೊಳೆಯುತ್ತವೆ. ಕಡಿಮೆಯೆಂದರೆ 20 ಕೋಶಗಳಲ್ಲಿ ಎರಡನ್ನೂ ಎಣಿಸಿ ಅನುಪಾತ ತೆಗೆಯುತ್ತಾರೆ. ಅನುಪಾತ 2 ಅಥವಾ ಹೆಚ್ಚು, ಮತ್ತು ಕೋಶಕ್ಕೆ ಸರಾಸರಿ 4 ಅಥವಾ ಹೆಚ್ಚು ಪ್ರತಿ ಇದ್ದರೆ ಪಾಸಿಟಿವ್.

2+ ಬಂದವರಲ್ಲಿ ಒಂದು ಪಾಲು ಜನರ ಗಡ್ಡೆಯಲ್ಲಿ ಫಿಶ್ ಮಾಡಿದಾಗ ಜೀನ್ ಜಾಸ್ತಿ ಇರುವುದು ಗೊತ್ತಾಗುತ್ತದೆ. ಫಿಶ್ ಮಾಡಿಸದೆ ಬಿಟ್ಟರೆ ಅವರು ತಮಗೆ ಸಿಗಬೇಕಾದ ಔಷಧವನ್ನೇ ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ಬಿಟ್ಟುಹೋಗುವುದು ಹೇಗೆ ಎಂದು ನೋಡಿದರೆ ಬೇಸರವಾಗುತ್ತದೆ. ಫಿಶ್‌ಗೆ ಬೇರೆ ದುಡ್ಡು. ಎಲ್ಲ ಲ್ಯಾಬಿನಲ್ಲೂ ಅದು ಇಲ್ಲ, ಮಾದರಿ ಬೇರೆ ಊರಿಗೆ ಹೋಗಬೇಕಾಗಬಹುದು. ಅಷ್ಟರಲ್ಲಿ ಕೀಮೋ ಶುರುವಾಗಿರುತ್ತದೆ, ಮನೆಯವರು “ಈಗ ಚಿಕಿತ್ಸೆ ನಡೀತಾ ಉಂಟಲ್ಲ, ಆಮೇಲೆ ನೋಡುವ” ಅನ್ನುತ್ತಾರೆ. ಆಮೇಲೆ ಯಾರೂ ನೋಡುವುದಿಲ್ಲ. ನಿಮ್ಮ ಮನೆಯಲ್ಲಿ ಯಾರದ್ದಾದರೂ ರಿಪೋರ್ಟಿನಲ್ಲಿ 2+ ಎಂದಿದ್ದರೆ ಮುಂದಿನ ಸಲ ಡಾಕ್ಟರನ್ನು ಕಂಡಾಗ ಕೇಳಬೇಕಾದ್ದು ಒಂದೇ: “ಫಿಶ್ ಆಗಿದೆಯಾ?”

ಅಳತೆ ತಪ್ಪುವ ಇನ್ನೊಂದು ಜಾಗ ಲ್ಯಾಬಿಗಿಂತ ಮೊದಲೇ ಇದೆ, ಆಪರೇಷನ್ ಥಿಯೇಟರಿನಲ್ಲಿ. ತೆಗೆದ ಗಡ್ಡೆಯನ್ನು ಒಂದು ಗಂಟೆಯೊಳಗೆ ಶೇಕಡಾ 10ರ ಬಫರ್ಡ್ ಫಾರ್ಮಾಲಿನ್‌ಗೆ, ಅಂದರೆ ಮಾಂಸ ಕೆಡದಂತೆ ಕಾಪಾಡುವ ದ್ರಾವಣಕ್ಕೆ, ಹಾಕಬೇಕು. 6 ಗಂಟೆಗಿಂತ ಕಡಿಮೆ ಇಡಬಾರದು, 72 ಗಂಟೆಗಿಂತ ಹೆಚ್ಚು ಇಡಬಾರದು. ಫಾರ್ಮಾಲಿನ್ ಮಾಂಸದೊಳಗೆ ಇಳಿಯುವುದು ತುಂಬಾ ನಿಧಾನ. ಇಡೀ ಸ್ತನವನ್ನು ತೆಗೆದು ಹಾಗೆಯೇ ಡಬ್ಬಿಗೆ ಹಾಕಿದರೆ ಹೊರಭಾಗ ಗಟ್ಟಿಯಾಗುವಷ್ಟರಲ್ಲಿ ಒಳಗಿನ ಗಡ್ಡೆ ಕೊಳೆಯಲು ಶುರುವಾಗಿರುತ್ತದೆ. ಅದನ್ನು ಸೀಳಿ ಹಾಕಬೇಕು. ದ್ರಾವಣವೂ ಸಾಕಷ್ಟಿರಬೇಕು. ಕುಂದಾಪುರ, ಕಾರ್ಕಳ, ಪುತ್ತೂರು, ಬಂಟ್ವಾಳದಂಥ ಊರಿನ ನರ್ಸಿಂಗ್ ಹೋಮಿನಲ್ಲಿ ಶನಿವಾರ ಸಂಜೆ ಆಪರೇಷನ್ ಆಗಿ, ಡಬ್ಬಿ ಸೋಮವಾರದವರೆಗೆ ಕೂತು, ಆಮೇಲೆ ಮಂಗಳೂರಿಗೋ ಮಣಿಪಾಲಕ್ಕೋ ಬಂದರೆ ಈ ಗಂಟೆಗಳ ಲೆಕ್ಕ ಯಾರ ಹತ್ತಿರ ಇರುತ್ತದೆ? ಡಬ್ಬಿಯ ಮೇಲೆ ಗಡ್ಡೆ ತೆಗೆದ ಹೊತ್ತು ಮತ್ತು ಫಾರ್ಮಾಲಿನ್‌ಗೆ ಹಾಕಿದ ಹೊತ್ತು ಬರೆಯಲು ಖರ್ಚೇನೂ ಇಲ್ಲ. ಒಂದು ಪೆನ್ ಸಾಕು. ಒಳಗಿನ ಪ್ರೋಟೀನ್ ಕೆಟ್ಟರೆ ಎಷ್ಟು ದುಬಾರಿ ಮೆಷಿನ್ ಇದ್ದರೂ ಕಂದು ಗೆರೆ ಮಸುಕಾಗಿಯೇ ಬರುತ್ತದೆ. 3+ ಆಗಬೇಕಾದದ್ದು 1+ ಆಗಿ ಕಾಣಬಹುದು. ಇದು ನನ್ನ ಮಟ್ಟಿಗೆ ಔಷಧದ ಬೆಲೆಯಷ್ಟೇ ದೊಡ್ಡ ವಿಷಯ.

ಬೆಲೆಯ ಮಾತು. ಬೆಂಗಳೂರಿನ ಬಯೋಕಾನ್ 2014ರಲ್ಲಿ ತನ್ನ ಟ್ರಾಸ್ಟುಝುಮ್ಯಾಬ್ ಬಿಡುಗಡೆ ಮಾಡಿದಾಗ 440 ಮಿಲಿಗ್ರಾಂ ಬಾಟಲಿಗೆ 57,500 ರೂಪಾಯಿ ಇತ್ತು. ಮೂಲ ಕಂಪನಿಯ ದರಕ್ಕಿಂತ ಅದು ಸುಮಾರು ಕಾಲುಭಾಗ ಕಡಿಮೆ. ಆಮೇಲೆ ಹಲವು ಭಾರತೀಯ ಕಂಪನಿಗಳು ಬಂದವು, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೂ ಇದು ಸೇರಿತು, ದರ ಇನ್ನೂ ಇಳಿಯಿತು. 2017ರ ಕೊನೆಯಲ್ಲಿ ಅದೇ ಬೆಂಗಳೂರಿನ ಔಷಧಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಅಲ್ಲಿ ಒಪ್ಪಿಗೆ ಪಡೆದ ಮೊದಲ ಬಯೋಸಿಮಿಲರ್ (ಮೂಲ ಔಷಧವನ್ನು ಹೋಲುವಂತೆ ಬೇರೆ ಕಂಪನಿ ಮಾಡಿದ) ಟ್ರಾಸ್ಟುಝುಮ್ಯಾಬ್ ಅದು. ಆದರೂ ಮೂರು ವಾರಕ್ಕೊಮ್ಮೆ, ಒಂದು ವರ್ಷ ಎಂದರೆ ಕಡಿಮೆ ಹೊರೆಯಲ್ಲ. 60 ಕೆ.ಜಿ. ತೂಕದವರಿಗೆ ಮೊದಲ ಡೋಸ್ ಬಿಟ್ಟು ಪ್ರತಿ ಸಲ 360 ಮಿಲಿಗ್ರಾಂ ಬೇಕು. ಬ್ರಿಟನ್ನಿನಲ್ಲಿ 4,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ, ಆರು ತಿಂಗಳ ಔಷಧವೂ ಒಂದು ವರ್ಷದ್ದಕ್ಕಿಂತ ಕಡಿಮೆಯಲ್ಲ ಎಂದಿತು, ಹೃದಯದ ತೊಂದರೆಯೂ ಕಡಿಮೆ ಇತ್ತು. ಫ್ರಾನ್ಸಿನ ಅಧ್ಯಯನದಲ್ಲಿ ಅಷ್ಟು ಖಚಿತವಾಗಿ ಬರಲಿಲ್ಲ. ಹಾಗಾಗಿ ಒಂದು ವರ್ಷವೇ ಇವತ್ತಿಗೂ ನಿಯಮ. ಆದರೆ ದುಡ್ಡಿಲ್ಲ ಎಂದು ಔಷಧವನ್ನು ಶುರುವೇ ಮಾಡದೆ ಬಿಡುವುದಕ್ಕಿಂತ ಆರು ತಿಂಗಳ ಬಗ್ಗೆ ಡಾಕ್ಟರ ಜೊತೆ ಬಿಚ್ಚುಮನಸ್ಸಿನಿಂದ ಮಾತಾಡುವುದು ಎಷ್ಟೋ ಮೇಲು, ಅಲ್ವಾ?

ಕಳೆದ ಕೆಲವು ವರ್ಷಗಳಲ್ಲಿ ಈ ಅಳತೆಯ ಪಟ್ಟಿಯೇ ಬದಲಾಗುತ್ತಿದೆ. ಟ್ರಾಸ್ಟುಝುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಹೊಸ ಔಷಧದಲ್ಲಿ ಪ್ರತಿಕಾಯಕ್ಕೆ ಕೀಮೋ ಅಂಟಿಸಿರುತ್ತಾರೆ. ಅದು ಹರ್2 ಇರುವ ಕೋಶಕ್ಕೆ ಹೋಗಿ ಒಳಗೆ ಕೀಮೋ ಬಿಡುತ್ತದೆ, ಪಕ್ಕದ ಕೋಶಗಳಿಗೂ ಅದು ತಾಗುತ್ತದೆ. ಇದಕ್ಕೆ ಕೋಶ ಹರ್2ರ ಹಿಡಿತದಲ್ಲಿ ಇರಲೇಬೇಕು ಎಂದಿಲ್ಲ. ಹೊರಪೊರೆಯಲ್ಲಿ ಅಷ್ಟಿಷ್ಟು ಹರ್2 ಇದ್ದರೂ ಸಾಕು. 2022ರ ಅಧ್ಯಯನದಲ್ಲಿ 1+ ಅಥವಾ ಫಿಶ್ ನೆಗೆಟಿವ್ ಆದ 2+ ಇದ್ದು, ರೋಗ ಹರಡಿದ್ದ ರೋಗಿಗಳಲ್ಲಿ ಬದುಕಿದ ಅವಧಿಯ ಮಧ್ಯಮಾಂಕ ಮಾಮೂಲಿ ಕೀಮೋದಲ್ಲಿ 16.8 ತಿಂಗಳಿದ್ದದ್ದು ಇದರಲ್ಲಿ 23.4 ತಿಂಗಳಾಯಿತು. ಶ್ವಾಸಕೋಶದ ಉರಿಯೂತ ಇದರ ಗಂಭೀರ ಅಡ್ಡಪರಿಣಾಮ, ಒಣ ಕೆಮ್ಮು ಅಥವಾ ಉಬ್ಬಸ ಬಂದರೆ ಕೂಡಲೇ ತಿಳಿಸಬೇಕು. ನಮ್ಮಲ್ಲಿ ಬೆಲೆ ತುಂಬಾ ಜಾಸ್ತಿ. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರಕಾರ ಇದರ ಆಮದು ಸುಂಕವನ್ನು ಪೂರ್ತಿ ತೆಗೆಯಿತು.

ಇದರಿಂದ 0 ಮತ್ತು 1+ ನಡುವಿನ ವ್ಯತ್ಯಾಸ, ಮೊದಲು ಎರಡೂ ನೆಗೆಟಿವ್ ಎಂದು ಯಾರೂ ತಲೆಕೆಡಿಸಿಕೊಳ್ಳದಿದ್ದದ್ದು, ಈಗ ಮುಖ್ಯವಾಗಿದೆ. ಇಬ್ಬರು ಅನುಭವಿ ಪ್ಯಾಥಾಲಜಿಸ್ಟ್‌ಗಳು ಒಂದೇ ಗಾಜನ್ನು ನೋಡಿ ಬೇರೆ ಬೇರೆ ಹೇಳುವ ಸಾಧ್ಯತೆ ಹೆಚ್ಚಿರುವುದೂ ಇಲ್ಲೇ. ಹಳೆಯ ರಿಪೋರ್ಟಿನಲ್ಲಿ ಬರೀ ‘ಹರ್2 ನೆಗೆಟಿವ್’ ಎಂದು ಬರೆದು ಅಂಕಿ ಬಿಟ್ಟಿದ್ದರೆ ಈಗ ಅದು ಸಾಲುವುದಿಲ್ಲ. ರೋಗ ಮರಳಿ ಬಂದು ಚಿಕಿತ್ಸೆ ಬದಲಿಸುವ ಹೊತ್ತಿಗೆ, ಸಾಧ್ಯವಿದ್ದರೆ ಹೊಸ ಗಡ್ಡೆಯಿಂದಲೂ ಬಯಾಪ್ಸಿ ತೆಗೆದು ನೋಡುತ್ತಾರೆ, ಯಾಕಂದ್ರೆ ಹರ್2ರ ಪ್ರಮಾಣ ಮೊದಲಿನ ಹಾಗೆಯೇ ಇರಬೇಕೆಂದಿಲ್ಲ. ಮೊದಲ ಆಪರೇಷನ್ನಿನ ಗಡ್ಡೆಯ ತುಂಡು ಮೇಣದಲ್ಲಿ ಕೂರಿಸಿದ ಹೆಬ್ಬೆರಳಿನಷ್ಟು ಅಗಲದ ಬ್ಲಾಕ್ ಆಗಿ ಲ್ಯಾಬಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಬಯಾಪ್ಸಿ ನಂಬರ್ ಹೇಳಿ ಅದನ್ನು ಕೇಳಿ ಪಡೆಯಬಹುದು. ಮಣಿಪಾಲಕ್ಕೆ ಹೋಗುವವರು, ಮುಂಬೈಗೆ ಎರಡನೇ ಅಭಿಪ್ರಾಯಕ್ಕೆ ಹೋಗುವವರು ರಿಪೋರ್ಟಿನ ಜೆರಾಕ್ಸ್ ಜೊತೆ ಆ ಬ್ಲಾಕನ್ನೂ ಹಿಡಿದುಕೊಂಡು ಹೋಗಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ತಲುಪಿದ ಮೇಲೆ ಐಎಚ್‌ಸಿ ಅಂಕಿ ಎಷ್ಟು ಎಂದು ಮತ್ತೆ ಓದಿಸಿ, ಹೊಸ ರಿಪೋರ್ಟಿನಲ್ಲಿ ಆ ಅಂಕಿಯನ್ನೇ ಬರೆಸಿಕೊಳ್ಳಿ.